ಏಕಾಂತದ ಖರ್ಚು ಯಾರ ಲೆಕ್ಕಕ್ಕೆ?

ಒಬ್ಬ ಮನುಷ್ಯ ಎಲ್ಲರನ್ನೂ ಬಿಟ್ಟು ಬೆಟ್ಟಕ್ಕೆ ಹೋಗಿ ಒಬ್ಬನೇ ಕೂತರೆ ಅದು ಸಾಧನೆಯೋ, ಜವಾಬ್ದಾರಿಯಿಂದ ತಪ್ಪಿಸಿಕೊಳ್ಳೋದೋ? ಈ ಸಲದ ಕಂತಿನಲ್ಲಿ ಈ ಒಂದೇ ಪ್ರಶ್ನೆಯನ್ನ ಇಟ್ಕೊಂಡು ಸ್ವಲ್ಪ ದೂರ ನಡೆಯೋಣ.

"ಇದು ಸನ್ಯಾಸಿಗಳ ಪ್ರಶ್ನೆ, ನಮಗ್ಯಾಕೆ?" ಅಂತ ನೀವು ಕೇಳಬಹುದು. ಆದರೆ ನೋಡಿ, ಪರದೇಶದಲ್ಲಿರೋ ನಮಗೆ ಈ ಪ್ರಶ್ನೆ ಎರಡು ಸಲ ಎದುರಾಗುತ್ತೆ. ಒಂದು, ಊರು ಬಿಟ್ಟು ಬರುವಾಗ. ಇನ್ನೊಂದು, ಇಲ್ಲಿ ಕೆಲಸ, ಮನೆ, ಮಕ್ಕಳು ಎಲ್ಲ ಆದಮೇಲೆ ಒಂದು ಭಾನುವಾರ "ನನಗೂ ಸ್ವಲ್ಪ ಹೊತ್ತು ಒಬ್ಬನೇ ಇರಬೇಕು" ಅಂತ ಬೂಟು ಕಟ್ಟಿಕೊಂಡು ಹೊರಡುವಾಗ. ಎರಡೂ ಸಲ ಹಿಂದೆ ಬಾಗಿಲಲ್ಲಿ ಯಾರೋ ನಿಂತಿರ್ತಾರೆ. ಅವರಿಗೆ ನಾವು ಏನಾದರೂ ಕೊಡಬೇಕಾ? ಕೊಡಬೇಕು ಅಂದ್ರೆ ಏನನ್ನ?

ಎರಡು ಸರೋವರಗಳ ಕಣಿವೆ

ಡಬ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ವಿಕ್ಲೋ ಬೆಟ್ಟಗಳ ನಡುವೆ ಗ್ಲೆಂಡಲಾಕ್ ಅನ್ನೋ ಕಣಿವೆ ಸಿಗುತ್ತೆ. ಐರಿಷ್ ಭಾಷೆಯಲ್ಲಿ ಆ ಹೆಸರಿನ ಅರ್ಥವೇ "ಎರಡು ಸರೋವರಗಳ ಕಣಿವೆ". ಐರ್ಲೆಂಡಿನಲ್ಲಿರುವ ಕನ್ನಡದವರಲ್ಲಿ ಅಲ್ಲಿಗೆ ಹೋಗದವರು ಕಡಿಮೆ. ಊರಿಂದ ಅಪ್ಪ ಅಮ್ಮ ಬಂದಾಗ ಚಿತ್ರಾನ್ನ, ಮೊಸರನ್ನದ ಡಬ್ಬಿ ಸಮೇತ ಕರ್ಕೊಂಡು ಹೋಗುವ ಜಾಗ ಅದು. ಸುಮಾರು 30 ಮೀಟರ್ ಎತ್ತರದ ದುಂಡು ಗೋಪುರದ ಮುಂದೆ ಒಂದು ಫೋಟೋ, ಕೆಳಗಿನ ಸರೋವರದ ಹತ್ತಿರ ಒಂದು ಫೋಟೋ, ಆಮೇಲೆ ವಾಪಸ್.

ಆದರೆ ಈ ಜಾಗ ಶುರುವಾದದ್ದು ಒಬ್ಬ ಒಂಟಿ ಮನುಷ್ಯನಿಂದ. ಆರನೇ ಶತಮಾನದಲ್ಲಿ ಕೆವಿನ್ ಎಂಬ ತಪಸ್ವಿ ಇಲ್ಲಿಗೆ ಬಂದ. ಮೇಲಿನ ಸರೋವರದ ದಂಡೆಯ ಕಡಿದಾದ ಬಂಡೆಯಲ್ಲಿ, ನೀರಿನಿಂದ ಸುಮಾರು 8 ಮೀಟರ್ ಮೇಲೆ, ಒಂದು ಸಣ್ಣ ಗುಹೆ ಇದೆ. ಮನುಷ್ಯರೇ ಕೊರೆದದ್ದು. ಒಳಗೆ ಒಬ್ಬ ಮಲಗಬಹುದು, ನೆಟ್ಟಗೆ ನಿಲ್ಲೋಕೆ ಆಗಲ್ಲ. ಜನ ಅದನ್ನ "ಕೆವಿನ್‌ನ ಹಾಸಿಗೆ" ಅಂತಾರೆ. ಅದಕ್ಕಿಂತ ಸ್ವಲ್ಪ ಆಚೆ, ಸರೋವರ ಕಾಣುವ ಒಂದು ಬಂಡೆಯ ಮೇಲೆ, "ಕೆವಿನ್‌ನ ಕುಟೀರ" ಅನ್ನೋ ದುಂಡು ಗುಡಿಸಲಿನ ತಳಪಾಯದ ಕಲ್ಲುಗಳು ಉಳಿದಿವೆ. ಕೆವಿನ್ ತೀರಿಕೊಂಡದ್ದು 618ರಲ್ಲಿ ಅನ್ನೋದು ಸಂಪ್ರದಾಯದ ಲೆಕ್ಕ.

ನಮ್ಮ ಕಡೆ ಆಗ ಏನಾಗ್ತಿತ್ತು? ಶ್ರವಣಬೆಳಗೊಳದ ಚಂದ್ರಗಿರಿ ಬೆಟ್ಟದ ಮೇಲೆ ಸುಮಾರು ಕ್ರಿ.ಶ. 600ರ ಒಂದು ಶಾಸನ ಇದೆ. ಭದ್ರಬಾಹು ಬರಗಾಲದ ಮುನ್ಸೂಚನೆ ಕೊಟ್ಟದ್ದು, ಜೈನ ಸಂಘ ಉತ್ತರದಿಂದ ದಕ್ಷಿಣಕ್ಕೆ ಬಂದದ್ದು ಅದರಲ್ಲಿದೆ. ಅದರ ನಂತರದ ನೂರು ವರ್ಷದಲ್ಲಿ ಅದೇ ಬಂಡೆಯ ಮೇಲೆ ಊಟ ಬಿಟ್ಟು ದೇಹ ತೊರೆದ ಮುನಿಗಳ, ಕಂತಿಯರ ಹೆಸರುಗಳು ಸಾಲುಸಾಲಾಗಿ ಕೆತ್ತಲ್ಪಟ್ಟವು. ಅಂದರೆ ಒಂದೇ ಕಾಲದಲ್ಲಿ, ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಏನೂ ಗೊತ್ತಿಲ್ಲದೆ, ಐರ್ಲೆಂಡಿನಲ್ಲೂ ಹಾಸನದ ಹತ್ತಿರವೂ ಜನ ಬಂಡೆ ಹುಡುಕಿಕೊಂಡು ಹೋಗ್ತಿದ್ದರು.

ಭಾಷೆಯ ಒಂದು ಸ್ವಾರಸ್ಯ ಹೇಳ್ತೀನಿ. ಐರ್ಲೆಂಡಿನ ನಕ್ಷೆಯಲ್ಲಿ ಡೈಸರ್ಟ್, ಡೆಸರ್ಟ್ ಅಂತ ಶುರುವಾಗುವ ಊರ ಹೆಸರುಗಳು ತುಂಬಾ ಇವೆ. ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಹಳೆಯ ಕ್ರೈಸ್ತ ಸನ್ಯಾಸಿಗಳ ಕತೆ ಇಲ್ಲಿಗೆ ಬಂದಾಗ ಅದರ ಜೊತೆ ಮರುಭೂಮಿ ಅನ್ನೋ ಲ್ಯಾಟಿನ್ ಪದವೂ ಬಂತು. ಐರಿಷ್‌ನಲ್ಲಿ ಅದು "ದೀಸರ್ಟ್" ಆಯಿತು, ಅರ್ಥ "ತಪಸ್ವಿ ಇರುವ ಜಾಗ" ಅಂತಾಯಿತು. ಮಳೆ ನಿಲ್ಲದ ದೇಶದಲ್ಲಿ ಮರುಭೂಮಿ! ಆದರೆ ಯೋಚಿಸಿ, ಅವರಿಗೆ ಬೇಕಾಗಿದ್ದದ್ದು ಮರಳು ಅಲ್ಲ, ಜನ ಇಲ್ಲದ ಜಾಗ. ನಮ್ಮಲ್ಲಿ "ಕಾಡಿಗೆ ಹೋದ" ಅಂದಾಗಲೂ ಅಷ್ಟೇ. ಎಷ್ಟು ಮರ ಇತ್ತು ಅಂತ ಯಾರೂ ಕೇಳಲ್ಲ.

ದಾರಿ

ಈಗ ನಡಿಗೆಯ ವಿಷಯ. ಗುಹೆಯ ಮೇಲಿನ ಬೆಟ್ಟದ ಏಣಿಗೆ "ಸ್ಪಿಂಕ್" ಅಂತ ಹೆಸರು. ಬಿಳಿ ಬಾಣದ ಗುರುತು ಹಿಡಿದು ಒಂದು ಸುತ್ತು ಬಂದರೆ ಸುಮಾರು 9 ಕಿಲೋಮೀಟರ್, ಮೂರೂವರೆ ಗಂಟೆಯಷ್ಟು ನಡಿಗೆ. ಸುಲಭ ಅಲ್ಲ, ಹಾಗಂತ ತೀರಾ ಕಷ್ಟವೂ ಅಲ್ಲ. ಕೊಡಚಾದ್ರಿ ಹತ್ತಿದವರು ಆರಾಮಾಗಿ ಮಾಡಬಹುದು. ಮೊದಲು ಪೌಲನಾಸ್ ಜಲಪಾತದ ಪಕ್ಕ ಏರು, ಆಮೇಲೆ ರೈಲು ಹಳಿಯ ಕೆಳಗೆ ಹಾಕುವ ಮರದ ದಿಮ್ಮಿಗಳಿಂದ ಮಾಡಿದ 600ಕ್ಕೂ ಹೆಚ್ಚು ಮೆಟ್ಟಿಲು. ಮೇಲೆ ಹೋದಮೇಲೆ ಅದೇ ದಿಮ್ಮಿಗಳ ಕಾಲುದಾರಿ. ಎಡಗಡೆ ಕಂದು ಬಣ್ಣದ ಜೌಗು ನೆಲ, ಬಲಗಡೆ ಪಾತಾಳದಲ್ಲಿ ಕಪ್ಪು ಸರೋವರ. ಗಾಳಿ ಬೀಸಿದರೆ ಪಕ್ಕದವರ ಮಾತು ಕೇಳಿಸೋದಿಲ್ಲ.

ಒಂದು ವಿಷಯ ಗಮನಿಸಿ. ಮೇಲೆ ನಡೆಯುವಾಗ ಗುಹೆ ಕಾಣಿಸೋದಿಲ್ಲ, ಅದು ನಮ್ಮ ಕಾಲ ಕೆಳಗಿನ ಬಂಡೆಯಲ್ಲೇ ಎಲ್ಲೋ ಅಡಗಿರುತ್ತೆ. ಗ್ಲೆನೀಲೋ ಕಣಿವೆಗೆ ಇಳಿದು, ಹೊಳೆಯ ಸೇತುವೆ ದಾಟಿ, ಕಲ್ಲುಬಂಡೆಗಳ ನಡುವಿನ ಅಂಕುಡೊಂಕು ದಾರಿಯಲ್ಲಿ ಕೆಳಗೆ ಬಂದರೆ ಒಂದು ಹಾಳೂರು ಸಿಗುತ್ತೆ. ಸೀಸದ ಗಣಿ ಕೆಲಸಗಾರರ ಊರು. ಅಲ್ಲಿಂದ "ಗಣಿಗಾರರ ರಸ್ತೆ"ಯಲ್ಲಿ ಸರೋವರದ ಈಚೆ ದಂಡೆ ಹಿಡಿದು ವಾಪಸ್ ಬರುವಾಗ, ನೀರಿನ ಆಚೆ ಕಡೆ ಬಂಡೆಯಲ್ಲಿ ಒಂದು ಕಪ್ಪು ತೂತು ಕಾಣುತ್ತೆ. ಅದೇ ಕೆವಿನ್‌ನ ಹಾಸಿಗೆ. ದುಡಿದವರು ಓಡಾಡಿದ ದಂಡೆಗೆ ಬಂದಮೇಲೇ ತಪಸ್ವಿಯ ಜಾಗ ಕಣ್ಣಿಗೆ ಬೀಳೋದು.

ಹಸುವಿನ ಎರಡು ಕತೆ

ಕೆವಿನ್ ಏಳು ವರ್ಷ ಒಬ್ಬನೇ ಇದ್ದ ಅನ್ನುತ್ತೆ ಐತಿಹ್ಯ. ಅವನು ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಡೀಮಾ ಅನ್ನೋ ರೈತನ ದನಗಳು ಆ ಕಣಿವೆಗೆ ಮೇಯಲು ಬರ್ತಿದ್ದವು. ಅದರಲ್ಲಿ ಒಂದು ಹಸು ದಿನಾ ಮಂದೆ ಬಿಟ್ಟು ಹೋಗಿ ಕೆವಿನ್‌ನ ಬಟ್ಟೆ ನೆಕ್ಕಿ ಬರುತ್ತಿತ್ತು. ಸಂಜೆ ನೋಡಿದರೆ ಮಿಕ್ಕ ಹಸುಗಳಿಗಿಂತ ಎಷ್ಟೋ ಪಟ್ಟು ಹಾಲು. ಎಲ್ಲಿಂದ ಬಂತು ಇಷ್ಟು ಹಾಲು ಅಂತ ದನಗಾಹಿ ಹಿಂಬಾಲಿಸಿ ಹೋದ. ಹಸಿವಿನಿಂದ ಕೃಶವಾಗಿದ್ದ ಕೆವಿನ್ ಅಲ್ಲಿದ್ದ. "ನಾನಿಲ್ಲಿರೋದು ಯಾರಿಗೂ ಹೇಳಬೇಡ" ಅಂತ ಬೇಡಿಕೊಂಡ. ಆದರೂ ಡೀಮಾ ತನ್ನ ಮಕ್ಕಳ ಜೊತೆ ಬಂದು, ಅವನನ್ನ ಹೊತ್ತುಕೊಂಡು ಹೊರಗೆ ತಂದ.

ಈ ಕತೆ ಕೇಳಿದ ತಕ್ಷಣ ಕನ್ನಡದವರಿಗೆ "ಇದು ಗೊತ್ತಿರೋದೇ" ಅನ್ನಿಸಬೇಕು. ನಮ್ಮ ಎಷ್ಟೋ ಊರುಗಳ ಸ್ಥಳಪುರಾಣ ಇದೇ. ದಿನಾ ಒಂದು ಹಸು ಹುತ್ತದ ಮೇಲೆ ಹಾಲು ಸುರಿಸಿ ಬರುತ್ತೆ, ದನಗಾಹಿ ಹಿಂಬಾಲಿಸಿ ಹೋಗ್ತಾನೆ, ಹುತ್ತದಲ್ಲಿ ಲಿಂಗವೋ ದೇವರೋ ಸಿಗುತ್ತೆ. ತಿರುಪತಿಯ ಶ್ರೀನಿವಾಸನ ಕತೆಯಲ್ಲೂ ಹುತ್ತ ಇದೆ, ಹಸು ಇದೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅವರ ಕತೆಯಲ್ಲಿ ಮನೆಯ ಹಾಲು *ಹೆಚ್ಚಾಗುತ್ತೆ*. ನಮ್ಮ ಕತೆಯಲ್ಲಿ ಮನೆಯ ಹಾಲು *ಕಡಿಮೆಯಾಗುತ್ತೆ*. ಸಂಜೆ ಚೊಂಬು ಹಿಡಿದು ಕೂತರೆ ಕೆಚ್ಚಲು ಖಾಲಿ. ಮನೆಯೊಡತಿಗೆ ದನಗಾಹಿಯ ಮೇಲೆ ಅನುಮಾನ, ದನಗಾಹಿಗೆ ಸಿಟ್ಟು. ತಿರುಪತಿಯ ಕತೆಯಲ್ಲಿ ಅವನು ಕೊಡಲಿಯನ್ನೇ ಎತ್ತುತ್ತಾನೆ, ಏಟು ಬೀಳೋದು ದೇವರಿಗೆ. ನಮ್ಮ ಹಿರಿಯರು ಈ ಸತ್ಯವನ್ನ ಮುಚ್ಚಿಡಲಿಲ್ಲ: ಒಬ್ಬರು ಹುತ್ತದಲ್ಲಿ ಕೂತು ತಪಸ್ಸು ಮಾಡಿದರೆ ಅದರ ಖರ್ಚು ಇನ್ಯಾರದೋ ಅಡುಗೆಮನೆಯಿಂದ ಹೋಗುತ್ತೆ. ದೇವರೇ ಆದರೂ ಸರಿ.

ನನಗೆ ಎರಡೂ ಕತೆ ನಿಜ ಅನ್ನಿಸುತ್ತೆ. ಕೆಲವರು ಒಂದು ದಿನ ಒಬ್ಬರೇ ಇದ್ದು ಬಂದರೆ ಮನೆಯಲ್ಲಿ ಎಲ್ಲರಿಗೂ ಹಗುರ. ಮಾತು ಮೆದುವಾಗುತ್ತೆ, ಮಗುವಿನ ಕನ್ನಡ ಹೋಂವರ್ಕ್‌ಗೆ ತಾಳ್ಮೆ ಬರುತ್ತೆ. ಅದು ಹಾಲು ಹೆಚ್ಚಿಸುವ ಏಕಾಂತ. ಇನ್ನು ಕೆಲವರು ಬೆಟ್ಟ ಹತ್ತಿ ಬಂದು ಫೋಟೋ ಹಾಕಿ, "ಸುಸ್ತಾಗಿದೆ" ಅಂತ ಸೋಫಾದ ಮೇಲೆ ಬಿದ್ದುಕೊಳ್ತಾರೆ. ಬೆಳಗ್ಗೆಯಿಂದ ಎರಡು ಮಕ್ಕಳನ್ನ ಒಬ್ಬಳೇ ನೋಡಿಕೊಂಡವಳು ಅಡುಗೆಯನ್ನೂ ಮಾಡ್ತಾಳೆ. ಅದು ಹಾಲು ಕದಿಯುವ ಏಕಾಂತ. ಬೆಟ್ಟ ಒಂದೇ, ದಾರಿ ಒಂದೇ, ಕಿಲೋಮೀಟರೂ ಅಷ್ಟೇ. ಆದ್ದರಿಂದ "ಏಕಾಂತ ಒಳ್ಳೆಯದಾ, ಕೆಟ್ಟದ್ದಾ" ಅನ್ನೋ ಪ್ರಶ್ನೆಗೆ ಬೆಟ್ಟದ ಮೇಲೆ ಉತ್ತರ ಸಿಗಲ್ಲ. ಸಂಜೆ ಮನೆಯಲ್ಲಿ ನೋಡಬೇಕು, ಹಾಲು ಹೆಚ್ಚಿತಾ, ಕಡಿಮೆಯಾಯ್ತಾ ಅಂತ.

ನೀರಿಗೆ ಬಿದ್ದವಳು

ಕೆವಿನ್ ಬಗ್ಗೆ ಇನ್ನೊಂದು ಕತೆ ಇದೆ, ಅಷ್ಟು ಹಿತವಾದದ್ದಲ್ಲ. ಅವನನ್ನ ಪ್ರೀತಿಸಿದ ಒಬ್ಬ ಹೆಣ್ಣುಮಗಳು ಅವನ ಹಿಂದೆ ಬರ್ತಾಳೆ. ಹಳೆಯ ಲ್ಯಾಟಿನ್ ಜೀವನಚರಿತ್ರೆಯಲ್ಲಿ ಕೆವಿನ್ ಅವಳನ್ನ ತುರಿಕೆ ಗಿಡದಿಂದ ಹೊಡೆದು ಓಡಿಸ್ತಾನೆ, ಅವಳು ಪಶ್ಚಾತ್ತಾಪಪಟ್ಟು ಭಕ್ತೆಯಾಗ್ತಾಳೆ. ಆಮೇಲಿನ ಜನಪದ ಕತೆಯಲ್ಲಿ ಅವಳ ಹೆಸರು ಕ್ಯಾಥ್ಲೀನ್. ಅವಳು ಗುಹೆಯವರೆಗೆ ಬಂದಾಗ ಕೆವಿನ್ ಅವಳನ್ನ ಸರೋವರಕ್ಕೆ ತಳ್ಳಿಬಿಡ್ತಾನೆ. ಹತ್ತೊಂಬತ್ತನೇ ಶತಮಾನದಲ್ಲಿ ಥಾಮಸ್ ಮೂರ್ ಇದನ್ನೇ ಹಾಡು ಮಾಡಿದ, ಪ್ರವಾಸಿಗರಿಗೆ ದೋಣಿಯವರು ಇದನ್ನೇ ಹೇಳ್ತಿದ್ದರು.

ಇದು ನಡೆದದ್ದಲ್ಲ, ಕತೆ. ಆದರೆ ಜನ ಇಂಥ ಕತೆಯನ್ನ ಸುಮ್ಮನೆ ಕಟ್ಟಲ್ಲ. ಒಬ್ಬ ಸಂತನ ಬಗ್ಗೆ, ಅವನ ಜಾತ್ರೆಗೆ ಹೋಗುವ ಜನವೇ, "ಅವನು ಒಬ್ಬಳನ್ನ ನೀರಿಗೆ ತಳ್ಳಿದ" ಅಂತ ಹೇಳ್ತಾ ಬಂದರು ಅಂದರೆ ಅದರೊಳಗೆ ಒಂದು ದೂರು ಇದೆ. "ನೀನು ದೊಡ್ಡವನಾದೆ ಸರಿ, ನಿನ್ನ ದಾರಿಯಲ್ಲಿ ಯಾರು ಬಿದ್ದರು ಅಂತ ನಮಗೂ ಗೊತ್ತು" ಅನ್ನೋ ದೂರು.

ಏಕಾಂತ ಯಾರಿಗೆ ಸಿಗುತ್ತೆ, ಯಾರಿಗೆ ಸಿಗೋದಿಲ್ಲ ಅಂತ ನೋಡಿದರೂ ಇದೇ ಕಾಣುತ್ತೆ. ನಮ್ಮ ಅಮ್ಮಂದಿರ ತಲೆಮಾರನ್ನ ನೆನೆಸಿಕೊಳ್ಳಿ. ಅವರಿಗೆ ಒಬ್ಬರೇ ಇರೋಕೆ ಸಿಗ್ತಿದ್ದದ್ದು ಬಚ್ಚಲುಮನೆಯಲ್ಲಿ, ದೇವರ ಮುಂದೆ ಕೂತ ಹದಿನೈದು ನಿಮಿಷದಲ್ಲಿ, ಎಲ್ಲರೂ ಉಂಡು ಮಲಗಿದ ಮಧ್ಯಾಹ್ನದಲ್ಲಿ. ಅಕ್ಕಮಹಾದೇವಿ ಎಲ್ಲವನ್ನೂ ಬಿಟ್ಟು ಶ್ರೀಶೈಲದ ಕಡೆ ನಡೆದಳು, ಎಂಟುನೂರು ವರ್ಷವಾದರೂ ನಾವು ಅವಳ ಬಗ್ಗೆ ಮಾತಾಡ್ತೀವಿ. ಗಂಡಸರು ಹೀಗೆ ಹೋದದ್ದಕ್ಕೆ ಲೆಕ್ಕವೇ ಇಲ್ಲ, ಹೆಣ್ಣು ಹೋಗಿ ದಕ್ಕಿಸಿಕೊಂಡದ್ದು ಅಷ್ಟು ಅಪರೂಪ. ಹಾಗಾಗಿ ನಾನು ಒಬ್ಬನೇ ನಡೆಯೋಕೆ ಹೊರಟರೆ, ನನ್ನ ಮನೆಯಲ್ಲಿ ಇನ್ನೊಬ್ಬರಿಗೂ ಹಾಗೆ ಹೊರಡುವ ಭಾನುವಾರ ಇದೆಯಾ ಅಂತ ಕೇಳಿಕೊಳ್ಳಬೇಕು. ಇಲ್ಲದಿದ್ದರೆ ನನ್ನದು ಏಕಾಂತ ಅಲ್ಲ, ಬರೀ ಸವಲತ್ತು.

ಒಂಟಿತನ ಬೇರೆ, ಏಕಾಂತ ಬೇರೆ

ಕನ್ನಡ ಕಲಿಯುತ್ತಿರುವವರು ಈ ಎರಡು ಪದಗಳನ್ನ ಬರೆದಿಟ್ಟುಕೊಳ್ಳಿ. *ಏಕಾಂತ* ನಾವು ಹುಡುಕಿಕೊಂಡು ಹೋಗೋದು. *ಒಂಟಿತನ* ನಮ್ಮನ್ನ ಹುಡುಕಿಕೊಂಡು ಬರೋದು. ಹೊರಗಿನಿಂದ ನೋಡಿದರೆ ಎರಡರಲ್ಲೂ ಒಬ್ಬರೇ ಕೂತಿರ್ತಾರೆ.

ಗ್ಲೆಂಡಲಾಕ್‌ನ ಎರಡು ದಂಡೆಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಆಚೆ ದಂಡೆಯ ಗುಹೆಗೆ ಕೆವಿನ್ ತಾನಾಗಿ ಹೋದ. ಈಚೆ ದಂಡೆಯ ಗಣಿಗೆ ಜನ ಹೊಟ್ಟೆಪಾಡಿಗೆ ಬಂದರು. 1820ರ ದಶಕದಲ್ಲಿ ಮೈನಿಂಗ್ ಕಂಪನಿ ಆಫ್ ಐರ್ಲೆಂಡ್ ಈ ಬೆಟ್ಟಗಳಲ್ಲಿ ಸೀಸ ತೆಗೆಯೋಕೆ ಶುರುಮಾಡಿತು. ನಿಲ್ಲುತ್ತಾ ನಡೆಯುತ್ತಾ ಈ ಭಾಗದ ಗಣಿ ಕೆಲಸ 1957ರವರೆಗೂ ಬಂತು. ಚಳಿಗಾಲದ ಕತ್ತಲಲ್ಲಿ ಬೆಟ್ಟದ ಹೊಟ್ಟೆಯೊಳಗೆ ಮೇಣದಬತ್ತಿ ಹಿಡಿದು ಕಲ್ಲು ಒಡೆದವರಿಗೂ ಅದೇ ಸರೋವರ, ಅದೇ ಗಾಳಿ. ಆದರೆ ಅವರ ಕತ್ತಲನ್ನ ಯಾರೂ ತಪಸ್ಸು ಅಂತ ಕರೆಯಲಿಲ್ಲ.

ನನ್ನ ಪರಿಚಯದ ಒಬ್ಬರು ಮಂಗಳೂರು ಕಡೆಯವರು, ಇಲ್ಲಿ ನರ್ಸ್. ವಾರಕ್ಕೆ ಮೂರು ನೈಟ್ ಡ್ಯೂಟಿ, ಗಂಡ ಮಗು ಇನ್ನೂ ಊರಲ್ಲಿ, ವೀಸಾ ಕಾಯ್ತಾ ಇದ್ದರು. "ಅಕ್ಕಾ, ಈ ಭಾನುವಾರ ಒಬ್ಬರೇ ಗ್ಲೆಂಡಲಾಕ್‌ಗೆ ಹೋಗಿ ಬನ್ನಿ, ಮನಸ್ಸಿಗೆ ಶಾಂತಿ ಸಿಗುತ್ತೆ" ಅಂದೆ. ಅವರು ನಕ್ಕರು. "ಒಬ್ಬಳೇ ಇರುವುದು ನನಗೆ ಬೇಕಾದಷ್ಟು ಉಂಟು ಮಾರಾಯ್ರೆ. ನನಗೆ ಶಾಂತಿ ಬೇಡ, ಗಲಾಟೆ ಬೇಕು. ನಿಮ್ಮ ಮನೆಗೆ ಊಟಕ್ಕೆ ಕರೆಯಿರಿ."

ಅವತ್ತಿಂದ ನನಗೆ ಏಕಾಂತವನ್ನ ಹೊಗಳುವ ಮಾತು ಕೇಳಿದಾಗೆಲ್ಲ ಅವರ ನೆನಪಾಗುತ್ತೆ. ಸುತ್ತ ಜನ ಇರುವವನಿಗೆ ಮಾತ್ರ ಏಕಾಂತ ಹಬ್ಬ. ಕೆವಿನ್‌ಗೂ ಹಾಗೇ. ಬಿಟ್ಟುಹೋಗೋಕೆ ಅವನಿಗೆ ಒಂದು ಲೋಕ ಇತ್ತು. ಊರಲ್ಲಿ ಮಕ್ಕಳೆಲ್ಲ ವಿದೇಶಕ್ಕೆ ಹೋದಮೇಲೆ ಮೂರು ಬೆಡ್‌ರೂಮಿನ ಮನೆಯಲ್ಲಿ ಕೂತ ಅಪ್ಪ ಅಮ್ಮನಿಗೆ "ನಿಮಗೇನು, ಆರಾಮಾಗಿ ಧ್ಯಾನ ಮಾಡಬಹುದು" ಅಂತ ಹೇಳೋದು ಸುಲಭ. ನಮ್ಮ ಅನುಕೂಲಕ್ಕೆ ಅವರ ಒಂಟಿತನವನ್ನ ಏಕಾಂತ ಅಂತ ಕರೆಯೋದು ಒಂದು ಬಗೆಯ ಸುಳ್ಳು.

ಹೋಗಿ ಬರೋದು

ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದಾ? ಹಾಗಲ್ಲ. ಹನ್ನೆರಡನೇ ಶತಮಾನದ ಇಬ್ಬರನ್ನ ನೋಡೋಣ.

ಲಾರೆನ್ಸ್ ಓ'ಟೂಲ್ 1153ರಲ್ಲಿ ಗ್ಲೆಂಡಲಾಕ್ ಮಠದ ಮುಖ್ಯಸ್ಥನಾದ, 1162ರಲ್ಲಿ ಡಬ್ಲಿನ್‌ನ ಆರ್ಚ್‌ಬಿಷಪ್ ಆದ. ಕಷ್ಟದ ಕಾಲ ಅದು. 1170ರಲ್ಲಿ ನಾರ್ಮನ್ನರು ಡಬ್ಲಿನ್‌ಗೆ ಮುತ್ತಿಗೆ ಹಾಕಿದಾಗ ಸಂಧಾನಕ್ಕೆ ಹೋದವನೂ ಅವನೇ. ಅಂಥವನು ಲೆಂಟ್‌ನ ನಲವತ್ತು ದಿನ ಕೆವಿನ್‌ನ ಗುಹೆಗೆ ಬಂದು ಒಬ್ಬನೇ ಇರ್ತಿದ್ದ ಅಂತ ಅವನ ಚರಿತ್ರೆ ಹೇಳುತ್ತೆ. ನಲವತ್ತು ದಿನ ಆದಮೇಲೆ ವಾಪಸ್ ಊರಿಗೆ, ಜನರ ಜಗಳ, ಹಸಿವು, ರಾಜಕಾರಣದ ನಡುವೆ. ಅವನು ಬರ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು.

ಅದೇ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿ ಶರಣರು ಇನ್ನೂ ಮುಂದೆ ಹೋದರು. ದುಡಿಮೆ ಬಿಟ್ಟು ಸಿಗುವ ಕೈಲಾಸವೇ ಬೇಡ ಅಂದರು. ಆಯ್ದಕ್ಕಿ ಮಾರಯ್ಯನ ಕತೆ ನಿಮಗೆ ಗೊತ್ತಿರಬಹುದು. ಬಿದ್ದ ಅಕ್ಕಿ ಆಯ್ದು ತರೋದು ಅವನ ಕಾಯಕ. ಒಮ್ಮೆ ಅನುಭವದ ಮಾತಿನಲ್ಲಿ ಮೈಮರೆತು ಕೂತುಬಿಟ್ಟ. ಹೆಂಡತಿ ಲಕ್ಕಮ್ಮ ಬಂದು, ಕಾಯಕ ನಿಂತಿದೆ, ಎದ್ದು ಹೋಗಿ ಅಂತ ಎಚ್ಚರಿಸಿದಳು. ಇನ್ನೊಂದು ದಿನ ಅವನು ದಿನಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನ ಅಲ್ಲೇ ಸುರಿದು ಬನ್ನಿ ಅಂದವಳೂ ಅವಳೇ. ಅಧ್ಯಾತ್ಮದ ಲೆಕ್ಕವನ್ನೂ ಅಕ್ಕಿಯ ಲೆಕ್ಕವನ್ನೂ ಒಂದೇ ಮೊರದಲ್ಲಿ ಹಾಕಿ ಕೇರಿದ ಹೆಂಗಸು.

ನನಗೆ ಲಾರೆನ್ಸ್‌ನ ಗುಹೆಯೂ ಬೇಕು, ಲಕ್ಕಮ್ಮನ ಎಚ್ಚರವೂ ಬೇಕು. ಗುಹೆ ಯಾಕೆ ಬೇಕು ಅಂದರೆ, ದಿನಾ ಎಲ್ಲರಿಗೂ ಸಿಗುವವನು ಕೊನೆಗೆ ಯಾರಿಗೂ ಪೂರ್ತಿ ಸಿಗೋದಿಲ್ಲ. ಮೀಟಿಂಗು, ಸ್ಕೂಲು, ವಾಟ್ಸಾಪ್ ನಡುವೆ ನಾನು ಯಾರಿಗೆ ಏನು ಹೇಳಿದೆ ಅನ್ನೋದೇ ನೆನಪಿರಲ್ಲ. ಎಚ್ಚರ ಯಾಕೆ ಬೇಕು ಅಂದರೆ, ಗುಹೆ ಹಿತವಾಗಿಬಿಡುತ್ತೆ. ಇನ್ನೂ ಹತ್ತು ದಿನ ಇರೋಣ ಅನ್ನಿಸುತ್ತೆ. ಹಾಗೆ ಅನ್ನಿಸಿದಾಗ ಬಂದು ಕರೆಯೋರು ಒಬ್ಬರು ಇರಬೇಕು, ಅವರು ಕರೆದರೆ ಏಳುವ ಬುದ್ಧಿಯೂ ನಮಗಿರಬೇಕು.

ಕೆವಿನ್‌ನ ಅತ್ಯಂತ ಪ್ರಸಿದ್ಧ ಕತೆಯೂ ಇದಕ್ಕೇ ಬಂದು ಮುಟ್ಟುತ್ತೆ. ಇಕ್ಕಟ್ಟಾದ ಕುಟೀರದಲ್ಲಿ ಕೈ ಚಾಚಿ ಪ್ರಾರ್ಥನೆ ಮಾಡುವಾಗ ಒಂದು ಕೈ ಕಿಟಕಿಯಿಂದ ಹೊರಗಿತ್ತಂತೆ. ಒಂದು ಕಪ್ಪು ಹಕ್ಕಿ ಬಂದು ಅಂಗೈಯಲ್ಲಿ ಗೂಡು ಕಟ್ಟಿ ಮೊಟ್ಟೆ ಇಟ್ಟಿತು. ಮರಿಗಳು ಹೊರಬರುವ ತನಕ ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ. ಹನ್ನೆರಡನೇ ಶತಮಾನದ ಕೊನೆಯಲ್ಲಿ ಗೆರಾಲ್ಡ್ ಆಫ್ ವೇಲ್ಸ್ ಇದನ್ನ ಬರೆದಿಟ್ಟ, ನಮ್ಮ ಕಾಲದಲ್ಲಿ ಸೀಮಸ್ ಹೀನಿ ಕವಿತೆ ಮಾಡಿದರು. ಎಲ್ಲ ಸಂಬಂಧ ಬಿಟ್ಟು ಬಂದವನ ಕೈಗೇ ಒಂದು ಸಂಸಾರ ಬಂದು ಬಿತ್ತು ನೋಡಿ! ಅವನು "ಇದು ನನ್ನ ಧ್ಯಾನದ ಹೊತ್ತು" ಅನ್ನಲಿಲ್ಲ.

ಕೆವಿನ್ ತಪ್ಪಿಸಿಕೊಂಡ ಜನ ಕೂಡ ಕೊನೆಗೆ ಅವನ ಹತ್ತಿರವೇ ಬಂದರು. ಗುಹೆಯ ಸುತ್ತ ಮಠ, ಮಠದ ಸುತ್ತ ಊರು ಬೆಳೆಯಿತು. ಜೂನ್ 3 ಅವನ ಹಬ್ಬ. ಆ ದಿನ ಅಲ್ಲಿ ನಡೆಯುತ್ತಿದ್ದ ಜಾತ್ರೆಯನ್ನ ಜೋಸೆಫ್ ಪೀಕಾಕ್ 1813ರಲ್ಲಿ ಚಿತ್ರ ಬರೆದಿದ್ದಾನೆ. ಡೇರೆ, ಅಂಗಡಿ, ಕುದುರೆ, ಕುಡಿತ, ಥೇಟ್ ನಮ್ಮೂರ ಜಾತ್ರೆ.

ಕೈಗಡ

ಕನ್ನಡದಲ್ಲಿ "ಕೈಗಡ" ಅಂತ ಒಂದು ಒಳ್ಳೆಯ ಪದ ಇದೆ. ಪತ್ರ ಇಲ್ಲ, ಬಡ್ಡಿ ಇಲ್ಲ, ಗುರುತಿನವರ ಹತ್ತಿರ ನಂಬಿಕೆಯ ಮೇಲೆ ತೊಗೊಳ್ಳುವ ಸಣ್ಣ ಸಾಲ. ಏಕಾಂತವೂ ಒಂದು ಕೈಗಡ ಅಂತ ನನ್ನ ಅಭಿಪ್ರಾಯ. ಅದನ್ನ ಕೇಳೋದರಲ್ಲಿ ನಾಚಿಕೆ ಏನಿಲ್ಲ, ಎಲ್ಲರಿಗೂ ಒಂದಲ್ಲ ಒಂದು ದಿನ ಬೇಕಾಗುತ್ತೆ. ಆದರೆ ಯಾರ ಹತ್ತಿರ ತೊಗೊಂಡೆವು ಅನ್ನೋದು ನೆನಪಿರಬೇಕು, ತೀರಿಸಬೇಕು, ಅವರು ಕೇಳಿದ ದಿನ ನಾವೂ ಕೊಡಬೇಕು.

ಊರು ಬಿಟ್ಟು ಬಂದದ್ದು ಇದಕ್ಕಿಂತ ದೊಡ್ಡ ಸಾಲ. ಅದು ಒಂದು ಭಾನುವಾರದಲ್ಲಿ ತೀರೋದಲ್ಲ, ಪ್ರತಿ ತಿಂಗಳು ಹಣ ಕಳಿಸಿದರೂ ಪೂರ್ತಿ ತೀರೋದಲ್ಲ. ಅಪ್ಪ ಅಮ್ಮ ಯಾವತ್ತೂ ಅದನ್ನ ಬಾಯಿಬಿಟ್ಟು ಕೇಳಲ್ಲ, ಹಾಗಾಗಿ ಸಾಲವೇ ಇಲ್ಲ ಅಂದುಕೊಳ್ಳೋದು ಸುಲಭ. ಫೋನಿನಲ್ಲಿ "ನೀನು ಚೆನ್ನಾಗಿದ್ದರೆ ಸಾಕಪ್ಪಾ" ಅಂದಾಗ ಆ ಮಾತನ್ನ ರಸೀದಿ ಅಂತ ತೊಗೊಳ್ಳಬಾರದು.

ಮನೆಯಲ್ಲಿ ಇದನ್ನ ಒಮ್ಮೆ ಮಾತಾಡಿ ನೋಡಿ, ಮಕ್ಕಳನ್ನೂ ಕೂರಿಸಿಕೊಂಡು, ಆದಷ್ಟು ಕನ್ನಡದಲ್ಲೇ. ನಮ್ಮ ಮನೆಯಲ್ಲಿ ಯಾರಿಗೆ ಏಕಾಂತ ಬೇಕು? ಯಾರಿಗೆ ಅದು ಸಿಗ್ತಾ ಇಲ್ಲ? ಯಾರಿಗೆ ಏಕಾಂತ ಸಾಕಾಗಿ, ಒಂದು ಊಟದ ಕರೆ ಬೇಕಾಗಿದೆ? ಊರಿಗೆ ಫೋನ್ ಮಾಡಿದಾಗ ಅಲ್ಲೂ ಕೇಳಿ. ಉತ್ತರ ಬಂದಮೇಲೆ ಮುಂದಿನ ಭಾನುವಾರ ಸ್ಪಿಂಕ್ ಹತ್ತುವ ಸರದಿ ಯಾರದು, ಮನೆಯಲ್ಲಿ ಅನ್ನಕ್ಕಿಡುವ ಸರದಿ ಯಾರದು ಅಂತ ತೀರ್ಮಾನ ಮಾಡೋದು ಕಷ್ಟ ಆಗಲಿಕ್ಕಿಲ್ಲ.